ಚಿಗವ್ವನ ಕೈಯಿಂದ ತಪ್ಪಿಸಿದ ಚರಗ

ನಮ್ಮ ನೀಲಚಿಗವ್ವನ ಕೈಯಿಂದ ಚರಗದ ಬುಟ್ಟಿ ತಪ್ಪಿಸಿದವಳು ನಾನು. ದೊಡ್ಡವ್ವ ಅಲ್ಲ, ಅಜ್ಜಿಯೂ ಅಲ್ಲ. ನಾನು — ಏಳನೆಯ ಇಯತ್ತೆಯಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದು ಬಂದಿದ್ದ ನಾನು.

ಶೀಗಿ ಹುಣ್ಣಿಮೆಗೆ ಗದಗ, ಮುಂಡರಗಿಯಿಂದ ನಮ್ಮ ಮಂದಿಯೆಲ್ಲ ಅಡರಕಟ್ಟಿಯ ಹೊಲಕ್ಕೆ ಬಂದು ಸೇರುತ್ತಿದ್ದರು. ಪೈರು ಹೊತ್ತ ಭೂಮಿ ಬಸುರಿಯಂತೆ. ಅವಳ ಬಯಕೆಗೆಂದು ಮಾಡಿದ ಅಡುಗೆಯನ್ನು ಮೊದಲು ಹೊಲದ ತುಂಬ ಚೆಲ್ಲಬೇಕು, ಅದೇ ಚರಗ. ನಮ್ಮ ಊಟ ಆಮೇಲೆ. ಪುಂಡಿಪಲ್ಲೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಯಾರಾದರೂ ಮಾಡಲಿ, ಸಜ್ಜೆಯ ಕಡಬು ಮಾತ್ರ ಚಿಗವ್ವನದೇ ಆಗಬೇಕು. ಚಿಕ್ಕಪ್ಪ ತೀರಿಕೊಂಡ ಮೇಲೂ ಕಡಬು ಮಾಡಿದವಳು ಅವಳೇ, ಬುಟ್ಟಿ ಹೊತ್ತವಳೂ ಅವಳೇ. ಯಾರೂ ಏನೂ ಅಂದಿರಲಿಲ್ಲ.

ಅಂದದ್ದು ನಾನು. ಚಿಗವ್ವ ನೀರು ತರಲು ಹೋಗಿದ್ದಳು.

"ಅಜ್ಜೀ, ಭೂಮ್ತಾಯಿ ಬಸರಿ ಅಂತೀರಿ. ಉಡಿ ತುಂಬಾಕ ಮುತ್ತೈದೇರ ಬೇಕಂತೀರಿ. ಹಂಗಾರ ಚಿಗವ್ವ ಚರಗ ಚೆಲ್ಲೂದು ಹೆಂಗ ನಡೀತೈತಿ?"

ನಾನು ಒಡ್ಡಿದ್ದು ಬಲೆ. ಅಜ್ಜಿ ಸಿಕ್ಕಿಬಿದ್ದು, ಮುತ್ತೈದೆಯ ಕಟ್ಟಳೆಯೇ ಸುಳ್ಳು ಎಂದು ಒಪ್ಪುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಯೋಚಿಸಿದಳು. "ಹುಡುಗಿ ಹೇಳೂದು ಖರೆ ಐತಿ ನೋಡು" ಅಂದು ಬುಟ್ಟಿಯನ್ನು ದೊಡ್ಡವ್ವನ ಕಡೆ ಸರಿಸಿದಳು.

ಆಗಲೇ ಹೇಳಬಹುದಿತ್ತು — ಅಜ್ಜಿ, ನಾನಂದದ್ದು ಹಾಗಲ್ಲ... ಆದರೆ ಅಜ್ಜಿ ನನ್ನ ವಾದಕ್ಕೆ ತಲೆದೂಗಿದ್ದು ಅದೇ ಮೊದಲು. ಗೆದ್ದ ಖುಷಿಯಲ್ಲಿ ಸುಮ್ಮನಿದ್ದೆ.

ಕೊಡ ಹೊತ್ತು ಬಂದ ಚಿಗವ್ವ ನೋಡಿದ್ದು ದೊಡ್ಡವ್ವನ ತಲೆಯ ಮೇಲಿನ ಬುಟ್ಟಿಯನ್ನು. ದೊಡ್ಡವ್ವನೇ ಹೂಡಿದ ಆಟವೆಂದು ತಿಳಿದು ಅವಳೊಡನೆ ಮಾತು ಬಿಟ್ಟಳು. ಮುಂದೆ ಪ್ರತಿ ಶೀಗಿ ಹುಣ್ಣಿಮೆಗೂ ಹೊಟ್ಟೆನೋವೆಂದು ಮನೆಯಲ್ಲೇ ಉಳಿದಳು. ಎಲ್ಲ ಗೊತ್ತಿದ್ದ ದೊಡ್ಡವ್ವ, ಕೂಸಿನ ಮಾತೆಂದು ನನ್ನ ಹೆಸರು ಎತ್ತಲಿಲ್ಲ. ಕೂಸು ಬೆಳೆದು ಕಾಲೇಜಿನ ವೇದಿಕೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಗುಡುಗಿತು — ಮನೆಯಲ್ಲಿ ಬಾಯಿ ಬಿಡಲಿಲ್ಲ.

ಈ ವರ್ಷ ಚಿಗವ್ವನನ್ನು ಕೈ ಹಿಡಿದು ಹೊಲಕ್ಕೆ ಎಳೆದೊಯ್ದೆ. ಬನ್ನಿ ಗಿಡದ ಕೆಳಗೆ, ಎಲ್ಲರೆದುರು ಹೇಳಿದೆ:

"ಚಿಗವ್ವಾ, ಅವತ್ತು ನಿನ್ನ ಬ್ಯಾಡಂದಾಕಿ ದೊಡ್ಡವ್ವ ಅಲ್ಲ. ನಾನು."

ಅಜ್ಜಿ ರೇಗಿದಳು. "ಹಬ್ಬದಾಗ ಅದ್ಯಾಕ ಈಗ? ಪದ್ಧತಿ ಅಂದ್ರ ಪದ್ಧತಿ."

ನನ್ನ ಬಳಿ ವಾದಗಳು ಸಾಲುಗಟ್ಟಿ ನಿಂತಿದ್ದವು. ಬಾಯಿ ತೆರೆದೆ.

"ನೀ ಸುಮ್ನಿರಲೇ," ಅಂದಳು ಚಿಗವ್ವ. "ಅವತ್ತೂ ನೀನ, ಇವತ್ತೂ ನೀನ?" ಅಜ್ಜಿಯತ್ತ ತಿರುಗಿದಳು. "ಅತ್ತೀ, ಬಿತ್ತಾಕ ನನ್ನ ಕೈ ನಡೀತೈತಿ. ಕಳೆ ತಗ್ಯಾಕ ನಡೀತೈತಿ. ಈ ಭೂಮ್ತಾಯಿಗೆ ಉಣಸಾಕಷ್ಟ ನಡ್ಯಾಂಗಿಲ್ಲೇನ್ರಿ?"

ಅಜ್ಜಿ ಬುಟ್ಟಿಯ ಬಳಿಯಿಂದ ಪಕ್ಕಕ್ಕೆ ಸರಿದಳು. ದೊಡ್ಡವ್ವ ಎದ್ದು, ಬುಟ್ಟಿಯನ್ನು ತಾನೇ ಎತ್ತಿ ಚಿಗವ್ವನ ಕೈಗಿಟ್ಟಳು. "ಹಿಡಿಯವ್ವ. ನನಗೂ ಹೊತ್ತು ಸಾಕಾಗೇತಿ" — ಇಬ್ಬರೂ ನಕ್ಕುಬಿಟ್ಟರು, ಕಣ್ಣೊರೆಸಿಕೊಳ್ಳುತ್ತ.

ಎಂಥ ಗೆಲುವದು! ನಾನು ಗೆದ್ದ ಕಪ್‌ಗಳೆಲ್ಲ ಅದರ ಮುಂದೆ ತಗಡು. ಅದರಲ್ಲಿ ನನಗೆ ಪಾಲಿಲ್ಲ. ಚಿಗವ್ವ ನನ್ನನ್ನು ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಹಕ್ಕು...

"ತಂಬಿಗಿ ತಗೊಂಡು ಹಿಂದ ಬಾ," ಅಂದಳು ಅಷ್ಟೇ.

"ಹುಲ್ಲುಲ್ಲಿಗೋ..." ಚರಗದ ಕೂಗೆತ್ತಿದ ಅವಳ ದನಿ ಹತ್ತಿಯ ಸಾಲುಗಳ ಮೇಲೆ ಹಾದು ಪಕ್ಕದ ಹೊಲ ಮುಟ್ಟಿತು. ಯಾವ ದೇವರನ್ನೂ ನಂಬದ ನಾನು, ಅವಳು ಚೆಲ್ಲಿದ ಕಡೆಯೆಲ್ಲ ನೀರು ಚಿಮುಕಿಸುತ್ತ, ಗಂಟಲು ಹರಿಯುವಂತೆ ಓಗೊಟ್ಟೆ.