ಅಕ್ಕ ಆರಿಸಿದ ಮೇಣಬತ್ತಿ

ಕಳೆದ ವಾರ ಇಲ್ಲಿ ಸಂಭಾಜಿನಗರದ ಒಂದು ಅಂಗಡಿಯಲ್ಲಿ ಮಗಳು ಗಾಜಿನ ಲೋಟದಲ್ಲಿದ್ದ ಮೇಣಬತ್ತಿಯ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. "ಆಯಿ, ಮೋಗ್ರಾ. ಹಾಲ್‌ನಾಗ ಇಡೂಣ?" ಯುಗಾದಿ ಹತ್ತಿರ ಬಂದಿತ್ತು. ಪರದೆ ಒಗೆದು ಕಿಟಕಿ ಒರೆಸಿ ಆಗಿತ್ತು. ಇನ್ನು ಮನೆಗೊಂದು ಹೊಸ ಪರಿಮಳ ಬೇಕೆಂದು ಅವಳ ಹಟ. ಆ ಗಟ್ಟಿ ಮಲ್ಲಿಗೆ ವಾಸನೆಗೆ ನಾನು ಮುಖ ಹಿಂದಕ್ಕೆ ಎಳೆದುಕೊಂಡೆ. ಅದರ ಹಿಂದೆಯೇ ಫಿನಾಯಿಲ್, ಒದ್ದೆ ಹಾಸಿಗೆ, ಮುಲಾಮು... ಕೆಳಗಿನ ಮನೆಯ ಅಕ್ಕ.

ಹನ್ನೊಂದು ವರ್ಷದ ಹಿಂದೆ ಗಂಡನ ಬ್ಯಾಂಕಿನ ವರ್ಗಾವಣೆಯಿಂದ ನಾವು ವಿಜಯಪುರ ಬಿಟ್ಟು ನಾಸಿಕ್‌ಗೆ ಬಂದೆವು. ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಕೇಳುತ್ತಿದ್ದುದು ನಮ್ಮ ಕೆಳಗಿನ ಮನೆಯೊಂದರಲ್ಲಿ ಮಾತ್ರ. ಧಾರವಾಡದ ಕಡೆಯವರು; ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಗಂಡ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಒಳಕೋಣೆಯಲ್ಲಿ ಅಕ್ಕನ ಅತ್ತೆ ಮಲಗಿರುತ್ತಿದ್ದರು. ಬಚ್ಚಲಲ್ಲಿ ಬಿದ್ದವರು ಮತ್ತೆ ಎದ್ದಿರಲಿಲ್ಲ, ನಾಲ್ಕು ವರ್ಷವಾಗಿತ್ತು. ಬೆನ್ನಲ್ಲಿ ಅಂಗೈ ಅಗಲದ ಹುಣ್ಣು. ಅಕ್ಕ ದಿನಕ್ಕೆರಡು ಸಲ ಅದನ್ನು ತೊಳೆದು ಪಟ್ಟಿ ಕಟ್ಟುತ್ತಿದ್ದರು. ಎರಡು ತಾಸಿಗೊಮ್ಮೆ ಮೊಬೈಲಿನ ಅಲಾರಂ ಕೂಗಿದಾಗ ಅತ್ತೆಯನ್ನು ಮಗ್ಗಲು ಬದಲಿಸಿ ಮಲಗಿಸುತ್ತಿದ್ದರು. ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಮೆಟ್ಟಿಲು ಹತ್ತುವವರು ಆ ಬಾಗಿಲು ಬಂದಾಗ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ನಾನೂ ಹಾಕಿದ್ದೇನೆ.

ಅಕ್ಕನ ಭಾವ, ಅಂದರೆ ಆ ತಾಯಿಯ ಹಿರಿಯ ಮಗ, ಸಂಭಾಜಿನಗರದಲ್ಲಿದ್ದರು; ವಾಳೂಜ್‌ನ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ವರ್ಷಕ್ಕೊಮ್ಮೆ, ಯುಗಾದಿಗೆ, ಹೆಂಡತಿಯೊಡನೆ ಕಾರಿನಲ್ಲಿ ಬರುತ್ತಿದ್ದರು. ತಾಯಿಯ ಕೋಣೆಯ ಬಾಗಿಲಲ್ಲಿ ಐದು ನಿಮಿಷ ನಿಂತು, ಉಂಡು ಹೋಗುತ್ತಿದ್ದರು. ಆ ದಿನ ಮನೆ ಘಮಘಮಿಸಬೇಕು ಎಂಬುದು ಅಕ್ಕನ ಗಂಡನ ಅಪ್ಪಣೆ. ಅಣ್ಣನ ಮುಂದೆ ಮರ್ಯಾದೆ ಹೋಗಬಾರದಲ್ಲ.

ನಾವು ಬಂದ ವರ್ಷದ ಯುಗಾದಿಗೆ ಪರಿಮಳದ ಮೇಣಬತ್ತಿ ಆರಿಸಿ ತರಲು ಅಕ್ಕ ನನ್ನನ್ನು ಕರೆದುಕೊಂಡು ಹೋದರು. ಅವರ ಗಂಡ ಮನೆಯಲ್ಲಿದ್ದ ಭಾನುವಾರ. "ಅರ್ಧಾ ತಾಸಿನ್ಯಾಗ ಹೊಳ್ಳಿ ಬರಬೇಕವಾ" ಎಂದರು. ಲ್ಯಾವೆಂಡರ್, ಗಂಧ, ಗುಲಾಬಿ... ಒಂದೊಂದನ್ನೇ ಮೂಸಿ ಕೆಳಗಿಟ್ಟರು. ಕೊನೆಗೆ ಸುಸ್ತಾದವರಂತೆ ನನ್ನತ್ತ ತಿರುಗಿದರು. "ಯಾವ್ದು ಭಾಳ ಜೋರ ಐತಿ, ನೀನಽ ಹೇಳು."

ನನಗೇನಾಯಿತೋ. ಆಗ ಚಿಕ್ಕ ವಯಸ್ಸು, ನ್ಯಾಯ ಹೇಳುವ ಚಪಲ. "ಅಕ್ಕಾ, ವರ್ಷಾ ವರ್ಷಾ ನೀವಽ ಮುಚ್ಚಿಟ್ರ ಅವರಿಗೆ ಹೆಂಗ ಗೊತ್ತಾಗಬೇಕ್ರಿ? ಒಂದ ಸಲ ಹಚ್ಚಬ್ಯಾಡ್ರಿ. ಅವರೂ ಮೂಸಲಿ."

ಅಕ್ಕ ನನ್ನನ್ನೇ ನೋಡಿದರು. ಮಲ್ಲಿಗೆಯವು ಎರಡು ಕಟ್ಟಿಸಿಕೊಂಡರು.

ಹಬ್ಬದ ದಿನ ಹೋಳಿಗೆ ಬೇಯಿಸಲು ನಾನು ಅವರ ಅಡುಗೆಮನೆಯಲ್ಲಿದ್ದೆ. ಅಕ್ಕನ ಗಂಡ ತಾವೇ ಎರಡೂ ಬತ್ತಿ ಹಚ್ಚಿದರು, ಒಂದು ಟಿವಿಯ ಪಕ್ಕ, ಇನ್ನೊಂದು ಒಳಕೋಣೆಯ ಬಾಗಿಲ ಹೊರಗೆ. ಆ ಬಾಗಿಲು ಮುಚ್ಚಿದರು. ಭಾವ ಮತ್ತು ಅವರ ಹೆಂಡತಿ, ಅಕ್ಕನ ನೆಗೆಣ್ಣಿ, ಬಂದರು. ಅಕ್ಕ ನೀರಿನ ಲೋಟ ಕೊಡುವುದು ನನಗೆ ಒಲೆಯ ಬಳಿಯಿಂದ ಕಾಣುತ್ತಿತ್ತು.

"ಎಷ್ಟ ಚಂದ ವಾಸನಿ! ನಿಮ್ಮ ಮನಿಗೆ ಬಂದ್ರ ಗುಡಿಗೆ ಬಂದಂಗ ಆಗ್ತೈತಿ" ಎಂದರು ನೆಗೆಣ್ಣಿ.

"ಅದಕ್ಕಽ ನಾ ಹೇಳೂದು, ಅವ್ವ ಇಲ್ಲೆ ಆರಾಮ ಅದಾಳ. ಬ್ಯಾರೆ ಕಡೆ ಆಕಿಗೆ ಹೊಂದೂದಿಲ್ಲ" ಎಂದರು ಭಾವ, ಸೋಫಾಕ್ಕೆ ಒರಗುತ್ತ.

ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಟಿವಿಯ ಹತ್ತಿರ ಹೋಗಿ ಉರಿಯುವ ಬತ್ತಿಯನ್ನು ಎರಡು ಬೆರಳಲ್ಲಿ ಹಿಸುಕಿ ಆರಿಸಿದರು. ಇನ್ನೊಂದನ್ನೂ ಆರಿಸಿದರು. ಆಮೇಲೆ ಒಳಕೋಣೆಯ ಬಾಗಿಲನ್ನು ಪೂರ್ತಿ ತೆರೆದರು.

"ಏನ ಮಾಡಾಕತ್ತಿ?" ಗಂಡ ಕೂತಲ್ಲಿಂದ ಅರ್ಧ ಎದ್ದರು.

"ಎಲ್ಲಾರೂ ಐದು ನಿಮಿಷ ಸುಮ್ನ ಕೂಡ್ರಿ. ಭಾವಾರ, ಉಸರ ತಗೋರಿ. ನಾ ದಿನಾ ತಗೊಳ್ಳೂದು ಇದಽ."

ವಾಸನೆ ಮೆಲ್ಲಗೆ ಹಾಲ್‌ಗೆ ಬಂತು. ನೆಗೆಣ್ಣಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಭಾವ ನೆಲ ನೋಡಿದರು. ಅಕ್ಕ ಒಮ್ಮೆ ಅಡುಗೆಮನೆಯತ್ತ ನೋಡಿದರು. ನನ್ನನ್ನೇ ಹುಡುಕುತ್ತಿದ್ದರು. ಹೊರಗೆ ಹೋಗಿ ಅವರ ಪಕ್ಕದಲ್ಲಿ ನಿಲ್ಲಲು ನಾಲ್ಕು ಹೆಜ್ಜೆ ಸಾಕಿತ್ತು. ನಾನು ತವೆಯ ಕಡೆ ತಿರುಗಿ, ಆಗಲೇ ಬೆಂದಿದ್ದ ಹೋಳಿಗೆಯನ್ನು ಮತ್ತೆ ಮಗುಚಿ ಹಾಕಿದೆ.

ಆಗ ಒಳಗಿನಿಂದ ಕೇಳಿತು, ನಿಧಾನವಾಗಿ, ಸ್ಪಷ್ಟವಾಗಿ.

"ಯವ್ವಾ... ನಾ ಅಷ್ಟ ನಾರಾಕತ್ತೀನೇನು?"

ಆ ಮುದುಕಿಯ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅಂಗಡಿಯಲ್ಲಿ ನ್ಯಾಯ ಹೇಳುವಾಗ ನನಗೆ ಅದು ಹೊಳೆದಿರಲಿಲ್ಲ.

ಮುಂದಿನ ವಾರ ಭಾವ ದೊಡ್ಡ ಗಾಡಿ ತಂದು ತಾಯಿಯನ್ನು ಕರೆದುಕೊಂಡು ಹೋದರು. ಅಲ್ಲಿ ನೋಡಿಕೊಳ್ಳಲು ನರ್ಸ್ ಇಟ್ಟರಂತೆ. ಅಕ್ಕ ಕೋಣೆ ತಿಕ್ಕಿ ತೊಳೆದರು, ಗಾದಿಯನ್ನು ಬಿಸಿಲಿಗೆ ಹಾಕಿದರು. ಅವರು ಬಯಸಿದ್ದು ಆಗಿತ್ತು. ಆದರೆ ಮೊಬೈಲ್ ಎರಡು ತಾಸಿಗೊಮ್ಮೆ ಕೂಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆ ಭಾನುವಾರ ಬೆಳಗಿನ ಬಸ್ಸಿಗೆ ಒಬ್ಬರೇ ಸಂಭಾಜಿನಗರಕ್ಕೆ ಹೊರಟುಬಿಟ್ಟರು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ. ಅಕ್ಕ ಮಾತಿಲ್ಲದೆ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ತಿರುಗಿ ಬಸ್ಸು ಹತ್ತಿದರು. ಪ್ರತಿ ಭಾನುವಾರ ಹೀಗೇ. ಐದನೆಯ ಭಾನುವಾರ ಸಂಜೆ ಮೆಟ್ಟಿಲ ಬಳಿ ಸಿಕ್ಕಾಗ ಕೇಳಿದೆ. "ಇವತ್ತರೆ ಮಾತಾಡಿದ್ರೇನ್ರಿ?"

"ಇಲ್ಲವಾ. ಆದ್ರ ನಾ ನೀರು ತಗೊಂಡು ಹೋದ ಕೂಡ್ಲೆ ತಾವಽ ನನ್ನ ಕಡೆ ಮುಖಾ ತಿರುಗಿಸಿದ್ರು." ಅಷ್ಟು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತರು.

ಮಳೆಗಾಲಕ್ಕೆ ಮುಂಚೆ ಅತ್ತೆ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಮೆಂತ್ಯ ಸೋಸುತ್ತ ಅಕ್ಕ ಕೇಳಿದರು. "ಅವತ್ತ ನಾ ಮಾಡಿದ್ದು ತಪ್ಪೇನು?"

"ಇಲ್ರಿ ಅಕ್ಕಾ" ಎಂದೆ, ತಡಮಾಡದೆ. ಹೇಳಬೇಕಾದದ್ದು ಬೇರೆ ಇತ್ತು. ಆ ಮಾತು ನನ್ನದು, ಹೊತ್ತು ನಿಂತವರು ನೀವು, ನಾನು ಒಲೆಯ ಮುಂದೆ ಅಡಗಿದ್ದೆ... ಅಕ್ಕ ಸ್ವಲ್ಪ ಹೊತ್ತು ಕಾದಂತೆ ನನಗೆ ಅನಿಸಿತು. ಆಮೇಲೆ ಸೊಪ್ಪು ಸೋಸಿದರು.

ಅಕ್ಕನ ಗಂಡ ನಿವೃತ್ತರಾದ ಮೇಲೆ ಅವರು ಧಾರವಾಡಕ್ಕೆ ಹೋದರು. ನಮಗೆ ಈ ಊರಿಗೆ ವರ್ಗವಾಯಿತು. ಹಬ್ಬಕ್ಕೊಂದು ಫೋನು, ಅಷ್ಟೇ ಉಳಿಯಿತು. ಹೋದ ದೀಪಾವಳಿಗೆ ಅಕ್ಕನ ಫೋನು ಬರಲಿಲ್ಲ. ನಾನೇ ಮಾಡಿದಾಗ ಅವರ ಗಂಡ ಎತ್ತಿದರು. "ಆಕಿ ಹೋಗಿ ಮೂರು ತಿಂಗಳಾತ್ರಿ. ನಿಮಗ ಹೇಳೂದು ಉಳದಽ ಹೋತು" ಎಂದರು.

ಅಂಗಡಿಯಿಂದ ಬರುವಾಗ ರಿಕ್ಷಾದಲ್ಲಿ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು. "ಮತ್ತ ನೀ ಅವರಿಗೆ ಸಾರಿ ಹೇಳ್ದಿ ಅಲ್ಲಾ, ಆಯಿ?"

"ಇಲ್ಲ" ಎಂದೆ.