ಅಕ್ಕ ಬರೆದ ನಲವತ್ತೊಂದು ಕಾಗದ

ನಮ್ಮ ಅಕ್ಕ ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಮುಗಿಸುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷದ ಹಿಂದೆ ನೆಲ ಒರೆಸಲು ಸೇರಿದವಳು ಈಗ ಅಲ್ಲಿ ಮೇಲ್ವಿಚಾರಕಿ. ಗುಡಿಸುವವರು, ಬಟ್ಟೆ ಒಗೆಯುವವರು, ಸ್ಟ್ರೆಚರ್ ತಳ್ಳುವವರು ಎಲ್ಲ ಸೇರಿ ನಲವತ್ತೊಂದು ಜನ ಅವಳ ಕೈಕೆಳಗೆ. ನಾನು ಅವಳ ತಮ್ಮ. ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತೇನೆ, ಅವಳ ಮನೆಯಲ್ಲೇ ಉಣ್ಣುತ್ತೇನೆ, ಬೈಸಿಕೊಳ್ಳುತ್ತೇನೆ.

ವರ್ಷದ ಕೊನೆಯ ವಾರ ಆಸ್ಪತ್ರೆಯ ದೊಡ್ಡವರು ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಗೋಡೆ ಗಡಿಯಾರ, ಒಂದೊಂದು ಅಚ್ಚು ಹಾಕಿದ ಕಾರ್ಡು ಕೊಡುವುದು ವಾಡಿಕೆ. ‘ಸಮಯಪಾಲನೆ ಮತ್ತು ನಿಷ್ಠೆಗಾಗಿ’ ಎಂದು ಅದರಲ್ಲಿರುತ್ತದೆ. ಸೇರಿ ಎರಡು ವಾರ ಆದವನಿಗೂ ಅದೇ ಸಾಲು, ಮೂವತ್ತು ವರ್ಷ ಬೆನ್ನು ಬಗ್ಗಿಸಿದವಳಿಗೂ ಅದೇ ಸಾಲು. ಅವರಿವರಿಗೆ ಕೊಟ್ಟು ಉಳಿದ ಒಂಬತ್ತು ಗಡಿಯಾರಗಳು ನಮ್ಮ ಮನೆಯಲ್ಲಿವೆ. ಒಂದರ ಮಾತು ಇನ್ನೊಂದು ಕೇಳುವುದಿಲ್ಲ.

"ನನ್ನ ಹೆಸರು ಗೊತ್ತು ಕಣೋ ಅವರಿಗೆ. ನಾನೇನ್ ಮಾಡ್ತೀನಿ ಅಂತ ಗೊತ್ತಿಲ್ಲ," ಎಂದು ಅಕ್ಕ ಪ್ರತಿ ವರ್ಷ ಕಾರ್ಡನ್ನು ಮೇಜಿನ ಮೇಲೆ ಎಸೆಯುತ್ತಿದ್ದಳು.

ಈ ವರ್ಷ ಅವಳೇ ದೊಡ್ಡವರ ಹತ್ತಿರ ಹೋಗಿ, ನಲವತ್ತೊಂದು ಮನೆಗೂ ನಾನು ಕೈಯಾರೆ ಕಾಗದ ಬರೆಯುತ್ತೇನೆ ಎಂದಳು. ಯಾರು ಏನು ಮಾಡುತ್ತಾರೋ ಅದನ್ನೇ ಬರೆಯುವುದು. ಹೊಗಳಿಕೆ ಎಂಬುದು ಹೆಂಡತಿ ಮಕ್ಕಳ ಕಿವಿಗೆ ಬೀಳಬೇಕು ಎಂಬುದು ಅವಳ ವಾದ. ಖರ್ಚಿಲ್ಲದ ಕೆಲಸ ನೋಡಿ, ದೊಡ್ಡವರು ಕೂಡಲೇ ಒಪ್ಪಿದರು.

ಅಲ್ಲಿಂದ ಎರಡು ತಿಂಗಳು ಅವಳು ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಹಿಂದೆ ತಿರುಗಿದಳು. ಬಾಗಿಲ ಮರೆಯಲ್ಲಿ ನಿಂತಳು, ಮೆಟ್ಟಿಲ ಕೆಳಗೆ ನಿಂತಳು. ಕೆಲಸದಿಂದ ತೆಗೆಯಲು ಪಟ್ಟಿ ಮಾಡುತ್ತಿದ್ದಾಳೆ ಎಂದು ಸುದ್ದಿ ಹಬ್ಬಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಸೋಪು ಮನೆಗೆ ಒಯ್ಯುತ್ತಿದ್ದವನೊಬ್ಬ ತಾನಾಗಿಯೇ ಬಂದು ಆರು ಸೋಪು ವಾಪಸು ಇಟ್ಟು ಹೋದ. ಅಕ್ಕ ಅದನ್ನು ಬರೆದುಕೊಳ್ಳಲಿಲ್ಲ.

ಕಾಗದಗಳನ್ನು ಸೋಮವಾರ ಅಂಚೆಗೆ ಹಾಕಿದೆವು. ವಿಳಾಸ ಬರೆದು ನನ್ನ ಬೆರಳು ಮರಗಟ್ಟಿತ್ತು. ಬುಧವಾರ ಬೆಳಿಗ್ಗೆ ಅಕ್ಕ ಎಲ್ಲರನ್ನೂ ಕರೆದು, "ಇವತ್ತು ನಿಮ್ಮ ಮನೆಗೆ ಒಂದು ಕಾಗದ ಬರುತ್ತೆ, ನೋಡಿ," ಎಂದಳಂತೆ. ಎಲ್ಲರೂ ನಕ್ಕರು, ಬೀಗದಣ್ಣ ಒಬ್ಬನನ್ನು ಬಿಟ್ಟು.

ಬೀಗದಣ್ಣ ಎಂದರೆ ಶವಾಗಾರ ನೋಡಿಕೊಳ್ಳುವವನು. ಅದರ ಬೀಗದ ಕೈ ಸದಾ ಅವನ ಸೊಂಟದಲ್ಲಿರುವುದರಿಂದ ಆ ಹೆಸರು. ಅವನು ಅಕ್ಕನನ್ನು ಪಕ್ಕಕ್ಕೆ ಕರೆದ.

"ಮೇಡಂ, ನನ್ನ ಮನೆಗೂ ಹಾಕಿದೀರಾ? ಏನಂತ ಬರ್ದಿದೀರಿ?"

"ನೀನು ಮಾಡೋ ಕೆಲಸಾನೇ ಬರ್ದಿದೀನಿ ಕಣಪ್ಪ. ಯಾಕೆ?"

"ನಾನು ಔಷಧಿ ಸ್ಟೋರ್‌ನಲ್ಲಿದೀನಿ ಅಂತ ನನ್ನ ಹೆಂಡ್ತಿ ಅಂದ್ಕೊಂಡಿದಾಳೆ ಮೇಡಂ."

ಮೊದಲು ಇದ್ದದ್ದು ಅಲ್ಲೇ. ಎಂಟು ವರ್ಷದ ಹಿಂದೆ, ಯಾರೋ ರಜೆ ಹಾಕಿದರೆಂದು ಒಂದು ತಿಂಗಳ ಮಟ್ಟಿಗೆ ಅವನನ್ನು ಶವಾಗಾರಕ್ಕೆ ಕಳಿಸಿದರು. ಆ ತಿಂಗಳು ಇನ್ನೂ ಮುಗಿದಿಲ್ಲ. ಹೆಂಡತಿಗೆ ಸಾವೆಂದರೆ ವಿಪರೀತ ಭಯ. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ವಾರಗಟ್ಟಲೆ ಸುತ್ತುದಾರಿ ಹಿಡಿಯುವವಳು. ಈ ಕೈಯಿಂದ ಅವಳು ಒಂದು ಲೋಟ ನೀರು ಕೂಡ ತಗೊಳ್ಳಲ್ಲ, ತೌರಿಗೆ ಹೊರಟುಬಿಡ್ತಾಳೆ ಎಂದು ಅವನು ಅಕ್ಕನೆದುರು ಕಣ್ಣೀರು ಹಾಕಿದ. ಅವನು ಮನೆಗೆ ಓಡುವ ಹಾಗೂ ಇರಲಿಲ್ಲ. ಒಳಗೆ ಇಬ್ಬರಿದ್ದರು, ಹೊರಗೆ ಅವರ ಮನೆಯವರು ಕಾಯುತ್ತಿದ್ದರು.

ಒಂದು ಹಳೆ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ ನನ್ನ ಅಂಗಡಿಗೆ ಅಕ್ಕ ಬಂದದ್ದು ಆಗ. "ಸ್ಕೂಟರ್ ತೆಗಿಯೋ!" ಎಂದಳು. ಅಷ್ಟೇ. ಯಾಕೆ ಏನು ಎಂಬುದೆಲ್ಲ ದಾರಿಯಲ್ಲಿ, ನನ್ನ ಬೆನ್ನಿಗೆ ಗುದ್ದುತ್ತಾ ಹೇಳಿದಳು. ಅಂಚೆ ಕಚೇರಿಯಲ್ಲಿ, ಟಪಾಲು ಹತ್ತಕ್ಕೇ ಹೊರಟಿತು ಎಂದರು. ಎರಡು ಕಡೆ ರಸ್ತೆ ಅಗೆದಿದ್ದರು, ಮೂರನೆಯ ಕಡೆ ಲಾರಿ ಅಡ್ಡ ನಿಂತಿತ್ತು.

"ಸುಮ್ಮನೆ ಗಡಿಯಾರ ಕೊಟ್ಟು ಕೈ ತೊಳ್ಕೊಂಡಿದ್ರೆ ಆಗ್ತಿತ್ತು," ಎಂದೆ ನಾನು. ಹೇಳಬಾರದಿತ್ತು. ಅವಳು ಗುದ್ದುವುದನ್ನು ನಿಲ್ಲಿಸಿದಳು. ಅದು ಇನ್ನೂ ಕಷ್ಟವಾಯಿತು.

ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ. ಬೀಗದಣ್ಣನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು; ಆಸ್ಪತ್ರೆಯ ಮೇಲ್ವಿಚಾರಕಿ ಎಂದು ಅಕ್ಕ ಹೇಳಿಕೊಂಡ ಕೂಡಲೇ ನಮ್ಮನ್ನು ಒಳಗೆ ಬಿಟ್ಟಳು. ಕಾಗದ ಬಂದಿತ್ತು, ಆದರೆ ಒಡೆದಿರಲಿಲ್ಲ. ಆಸ್ಪತ್ರೆಯ ಮುದ್ರೆ ನೋಡಿಯೇ ಹೆದರಿ, ಅದನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಕೆಲಸದಿಂದ ತೆಗೆದ್ರಾ ಮೇಡಂ ಇವರನ್ನ?"

"ಅಯ್ಯೋ, ಇಲ್ಲಮ್ಮ! ಕೊಡಿ ಇಲ್ಲಿ ಆ ಕಾಗದ, ಅದರಲ್ಲೊಂದು ತಪ್ಪಾಗಿದೆ. ಬೇರೆ ತಂದುಕೊಡ್ತೀನಿ."

ಅವಳು ಕೊಟ್ಟಳು, ಆದರೆ ಬಾಗಿಲಿಗೆ ಅಡ್ಡ ನಿಂತಳು. "ತೆಗೆದಿಲ್ಲ ಅಂದ್ರೆ ಓದಿ ಹೇಳಿ. ಇದು ಬಂದಾಗಿಂದ ಮುಳ್ಳಿನ ಮೇಲೆ ಕೂತ ಹಾಗಾಗಿದೆ ನನಗೆ."

ಅಕ್ಕ ಕವರು ಹರಿದಳು. ಬಿಳಿ ಹಾಳೆಯ ಎರಡೂ ಮಗ್ಗುಲು ಅವಳದೇ ಅಕ್ಷರ. ಅದನ್ನು ಹಿಡಿದು, ಅದರಲ್ಲಿಲ್ಲದ್ದನ್ನು ಓದತೊಡಗಿದಳು. ಇವರು ಔಷಧಿ ಸ್ಟೋರನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಸಮಯಕ್ಕೆ ಸರಿಯಾಗಿ ಬರುತ್ತಾರೆ. ನಿಷ್ಠೆಯಿಂದ ದುಡಿಯುತ್ತಾರೆ. ಆ ಕಾರ್ಡಿನ ಮಾತುಗಳು ನಮ್ಮ ಅಕ್ಕನ ಬಾಯಲ್ಲಿ! ನನಗೆ ನಾಚಿಕೆಯಾಯಿತು. ಅವಳಿಗೆ ನನಗಿಂತ ಹೆಚ್ಚು ಆಗಿರಬೇಕು, ಬೆವರುತ್ತಿದ್ದಳು.

"ಅಷ್ಟೇನಾ?" ಎಂದಳು ಆ ಹೆಂಗಸು. "ಎರಡು ಪುಟ ಇದೆ. ಇದು ಯಾರಿಗೆ ಬೇಕಾದ್ರೂ ಬರೀಬಹುದಲ್ಲ ಮೇಡಂ."

ಅಕ್ಕ ಏನು ಹೇಳುತ್ತಿದ್ದಳೋ ಗೊತ್ತಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿದ್ದ ಆ ಹೆಂಗಸಿನ ಹಿಂದೆ, ಮೆಟ್ಟಿಲ ಮೇಲೆ, ಬೀಗದಣ್ಣ ನಿಂತಿದ್ದ. ಒಳಗಿದ್ದ ಇಬ್ಬರನ್ನೂ ಅವರ ಮನೆಯವರಿಗೆ ಒಪ್ಪಿಸಿ ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ; ಅಕ್ಕ ಓದಿದ್ದು ಅವನ ಕಿವಿಗೂ ಬಿದ್ದಿತ್ತು. ಗುಟ್ಟು ಉಳಿಯಿತಲ್ಲ, ಖುಷಿಪಡುತ್ತಾನೆ ಎಂದುಕೊಂಡೆ. ಅವನ ಮುಖ ಸಣ್ಣದಾಗಿತ್ತು.

"ನಿಜವಾಗ್ಲೂ ಇಷ್ಟೇನಾ ಮೇಡಂ ನೀವು ಬರ್ದಿದ್ದು?" ಎಂದ.

ಅಕ್ಕ ಹಾಳೆಯನ್ನು ಅವನ ಕೈಗಿಟ್ಟಳು. ಅವನು ನಿಂತೇ, ತುಟಿ ಆಡಿಸುತ್ತಾ ಓದಿಕೊಂಡ. ತಿರುಗಿಸಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಒಳಗೆ ಬಂದು ಹೆಂಡತಿಯನ್ನು ಕೂರಿಸಿ, ಅವಳ ಎದುರು ಗೋಡೆಗೆ ಒರಗಿ ಕೂತ.

"ಮೇಡಂ ಸುಳ್ಳು ಓದಿದ್ರು. ನನಗೋಸ್ಕರ. ನಾನು ಓದ್ತೀನಿ, ಕೇಳು. ಆಮೇಲೆ ನೀನು ಏನು ಮಾಡಿದ್ರೂ ಸರಿ."

ಅವನು ಓದಿದ್ದು ಹೀಗಿತ್ತು: ‘ನಿಮ್ಮ ಮನೆಯವರು ಎಂಟು ವರ್ಷದಿಂದ ನಮ್ಮ ಶವಾಗಾರ ನೋಡಿಕೊಳ್ಳುತ್ತಿದ್ದಾರೆ. ಯಾರನ್ನು ತಂದರೂ ಮೊದಲು ಹೆಸರು ಕೇಳುತ್ತಾರೆ. ಮಗ್ಗುಲು ಬದಲಿಸುವ ಮುಂಚೆ, ಅಜ್ಜಾ ಸ್ವಲ್ಪ ತಿರುಗಿಸ್ತೀನಿ ಎಂದು ಹೇಳುತ್ತಾರೆ. ಮುಖ ತೊಳೆಯಲು ತಣ್ಣೀರು ಬಳಸುವುದಿಲ್ಲ, ಕೆಟಲಿನಲ್ಲಿ ಬಿಸಿ ಮಾಡಿಕೊಳ್ಳುತ್ತಾರೆ. ಬೈತಲೆ ಯಾವ ಕಡೆಗೆ ತೆಗೆಯುತ್ತಿದ್ದರು ಎಂದು ಹೊರಗೆ ಹೋಗಿ ಮನೆಯವರನ್ನು ಕೇಳಿ ಬಂದು ತಲೆ ಬಾಚುತ್ತಾರೆ. ಇದನ್ನೆಲ್ಲ ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ. ನನಗೆ ಗೊತ್ತಾದದ್ದೂ ಈ ವರ್ಷ, ಬಾಗಿಲ ಹೊರಗೆ ನಿಂತು ನೋಡಿದಾಗ, ಕೇಳಿಸಿಕೊಂಡಾಗ. ತಡವಾಗಿ ಹೇಳುತ್ತಿದ್ದೇನೆ, ಮನ್ನಿಸಬೇಕು.’

ಆ ಹೆಂಗಸು ತನ್ನ ಹಿಂದಿನ ಗೋಡೆಯ ಕಡೆಗೆ ಸರಿದಳು. ನಿಜಕ್ಕೂ ಸರಿದಳು, ಸೆರಗನ್ನು ಎಳೆದುಕೊಂಡಳು. ಬೀಗದಣ್ಣ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ನನಗಂತೂ ಅಲ್ಲಿಂದ ಓಡೋಣ ಅನ್ನಿಸಿತು. ಆಮೇಲೆ ಅವಳು ಅವನ ತಲೆಯನ್ನೇ ನೋಡುತ್ತಾ ಕೇಳಿದಳು.

"ದಿನಾ ತಲೆ ಒದ್ದೆ ಮಾಡ್ಕೊಂಡು ಬರ್ತೀರಿ. ಕೇಳಿದ್ರೆ ಸೆಕೆ ಅಂತೀರಿ."

"ಅಲ್ಲೇ ಸ್ನಾನ ಮಾಡ್ಕೊಂಡು ಬರ್ತೀನಿ. ಮನೆಗೆ ಏನೂ ತರಬಾರ್ದು ಅಂತ."

"ಈ ಚಳೀಲೂ?"

"ಹೂಂ."

"ಅವರಿಗೆಲ್ಲ ಬಿಸಿನೀರು. ನಿಮಗೆ?"

ಅವನು ಕೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒಳಗೆ ತೂರಿಸಿಕೊಂಡ.

"ಹೇಳ್ರೀ, ನಿಮಗೆ?"

"ನಲ್ಲಿ ನೀರು."

ಅವಳು ದಡಕ್ಕನೆ ಎದ್ದು ಅಡಿಗೆಮನೆಗೆ ಹೋದಳು. ತೌರಿಗೆ ಹೋಗಲು ಬಟ್ಟೆ ಕಟ್ಟುತ್ತಾಳೇನೋ ಎಂದು ಅಕ್ಕ ನನ್ನ ತೋಳು ಹಿಡಿದಳು. ಒಳಗೆ ದೊಡ್ಡ ಪಾತ್ರೆಗೆ ನೀರು ಬೀಳುವ ಸದ್ದಾಯಿತು, ಒಲೆ ಹೊತ್ತಿಸಿದ ಸದ್ದಾಯಿತು. ಆಮೇಲೆ ಅಳುವನ್ನೂ ಸಿಟ್ಟನ್ನೂ ಕಲಸಿದ ದನಿ ಬಂತು.

"ನನಗೆ ಭಯ ಹೋಗಿಲ್ಲ. ಹೋಗೋದೂ ಇಲ್ಲ. ಆದ್ರೂ ನಾಳೆಯಿಂದ ಮನೆಗೆ ಬಂದೇ ಸ್ನಾನ ಮಾಡಿ."