ಹೊದಿಕೆಯ ಮೇಲೊಂದು ಕಾಜ

ಬೀದಿಯ ದರ್ಜಿಗಳೆಲ್ಲ ಅವಳನ್ನು ಕಾಜದಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯ ಗುಂಡಿ ತೂರುವ ಸೀಳಿನ ಸುತ್ತ ಕೈಹೊಲಿಗೆ ಹಾಕುವುದೇ ಕಾಜ. ಅದರಲ್ಲಿ ಅವಳದು ಎತ್ತಿದ ಕೈ. ಗಂಡ ಹೋದ ಮೇಲೆ ಹತ್ತು ವರ್ಷ, ಅವಳು ರಾತ್ರಿ ಮೂರು ತಾಸಿಗಿಂತ ಹೆಚ್ಚು ಮಲಗಿದವಳಲ್ಲ. "ನಿದ್ದೆ ಬಂದು ನನ್ನ ಸಾಕುತ್ತಾ?" ಎನ್ನುತ್ತಿದ್ದಳು. ಮಗಳು ಕೆಲಸಕ್ಕೆ ಹೋಗುವಾಗ ಆರು ತಿಂಗಳ ಕೂಸನ್ನು ಅವಳ ಪಕ್ಕದಲ್ಲೇ ಮಲಗಿಸಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ, ಮುಗಿದ ಅಂಗಿಯನ್ನು ಮಡಿಸಲೆಂದು ಹರವಿದರೆ, ಬೆನ್ನಿನ ನಡುವೆ ಸಾಲಾಗಿ ಮೂರು ಕಾಜ. ಒಂದೊಂದಕ್ಕೂ ಇಪ್ಪತ್ತೆರಡು ಹೊಲಿಗೆ, ಅವಳು ಯಾವಾಗಲೂ ಹಾಕುವಷ್ಟೇ. ಹಾಕಿದ ನೆನಪು ಮಾತ್ರ ಇಲ್ಲ.

ಜೊತೆಗಿದ್ದ ನಾದಿನಿ ನಕ್ಕಳು. "ಬೆನ್ನಿಗೂ ಗಾಳಿ ಆಡ್ಲಿ ಅಂತಾನಾ ಅತ್ತಿಗೆ?"

ಮರುದಿನ ಯಾರೂ ನಗಲಿಲ್ಲ. ಕೂಸಿಗೆ ಹೊದಿಸಿದ್ದ ಬಟ್ಟೆಯಲ್ಲಿ, ಸರಿಯಾಗಿ ಹೊಟ್ಟೆಯ ಮೇಲೆ, ಒಂದು ಕಾಜ ಇತ್ತು. ಅದರೊಳಗೆ ಕೂಸಿನ ಚರ್ಮ ಉಸಿರಿಗೆ ತಕ್ಕಂತೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

"ನಾನು ಒಳಗಿಂದ ಕರೆದೆ, ಹೂಂ ಅಂದ್ರಿ," ಎಂದಳು ನಾದಿನಿ. "ಇಣುಕಿ ನೋಡಿದ್ರೆ ಕಣ್ಣು ಬಿಟ್ಕೊಂಡೇ ಹೊಲೀತಿದ್ರಿ."

"ನೀನು ಕರೆದದ್ದೇ ನಂಗೊತ್ತಿಲ್ವಲ್ಲೇ. ಕಣ್ಣು ಬಿಟ್ಕೊಂಡೇ ನಿದ್ದೆ ಹೋಗಿದ್ದೆ ಅನ್ಸತ್ತೆ."

ಸಂಜೆ ಮಗಳಿಗೆ ಬಟ್ಟೆ ತೋರಿಸಿದಳು. "ನನ್ನ ಹತ್ರ ಕೂಸು ಬಿಡಬೇಡ ಕಣೇ."

"ಒಂದಿನ ಚೆನ್ನಾಗಿ ಮಲಗಿದ್ರೆ ಸರಿಹೋಗತ್ತಮ್ಮ."

"ಹತ್ತು ವರ್ಷದ್ದು ಒಂದಿನಕ್ಕೆ ಸರಿಹೋಗತ್ತಾ? ಕೈ ಹಿಡಿತಕ್ಕೆ ಬರ್ಲಿ, ಆಮೇಲೆ ತಾ."

ಮಗಳು ಕೂಸನ್ನು ತನ್ನ ಅತ್ತೆಯ ಬಳಿ ಬಿಡತೊಡಗಿದಳು. ಕಾಜದಕ್ಕ ಕೆಲಸವನ್ನು ಅರ್ಧಕ್ಕಿಳಿಸಿದಳು. ಮಧ್ಯಾಹ್ನದ ಮೇಲೆ ಚಹಾ ಮುಟ್ಟಲಿಲ್ಲ. ಹೊಲಿಗೆಯ ಬುಟ್ಟಿ ಮಲಗುವ ಕೋಣೆಯಿಂದಾಚೆಗೆ ಹೋಯಿತು. ಒಂಬತ್ತೂವರೆಗೆ ದೀಪ ಆರಿಸಿದರೆ, ನಿದ್ದೆ ಬರಲಿ ಬಿಡಲಿ, ಏಳುವುದು ಐದೂವರೆಗೇ.

ಮೊದಲ ವಾರ ಪಕ್ಕದಲ್ಲೇ ಮಲಗುತ್ತಿದ್ದ ನಾದಿನಿಗೇ ರೆಪ್ಪೆ ಮುಚ್ಚಲಾಗಲಿಲ್ಲ. ಅತ್ತಿಗೆ ಗೊರಕೆ ಹೊಡೆಯುತ್ತಿದ್ದರೂ ಅವಳ ಎರಡು ಬೆರಳು ಚಾದರದ ಮೇಲೆ ಚುಚ್ಚಿ, ಎಳೆದು, ಗಂಟು ಹಾಕುತ್ತಿದ್ದವು. ಇಪ್ಪತ್ತೆರಡಾದ ಮೇಲೆ ತುಸು ನಿಂತು, ಮುಂದಿನದಕ್ಕೆ ಜರುಗುತ್ತಿದ್ದವು.

ಆ ಬೆರಳುಗಳು ಸುಮ್ಮನಾಗಲು ಐದು ವಾರ ಹಿಡಿಯಿತು. ಆಮೇಲೆ ಕೂಸು ಬಂತು. ಆದರೆ ದಿನಾ ಬೆಳಿಗ್ಗೆ ಮಗಳು ಹೊಸ್ತಿಲಲ್ಲೇ ನಿಂತು ಕೇಳಬೇಕು. ಅದು ತಾಯಿಯದೇ ಕಟ್ಟಪ್ಪಣೆ.

"ನಿದ್ದೆ ಹೇಗಾಯ್ತಮ್ಮ?"

"ಎರಡಕ್ಕೆ ಎಚ್ಚರ ಆಯ್ತು. ಆಮೇಲೆ ಹತ್ತಲೇ ಇಲ್ಲ."

ಅಂಥ ದಿನ ಕೂಸು ತೋಳು ಚಾಚಿ ನಕ್ಕರೂ ಅವಳು ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡೇ ನಿಲ್ಲುತ್ತಿದ್ದಳು. ಮಗಳು ಕೂಸಿನೊಂದಿಗೆ ಅತ್ತೆಮನೆಯ ದಾರಿ ಹಿಡಿಯುತ್ತಿದ್ದಳು.